ಬೆನ್ನ ಮೇಲಿನ ತಾರೀಖು

"ಇನ್ನೊಂದೈತಿ ನೋಡ್ರಿ," ಎಂದಿತು ಪರದೆಯ ಆಚೆಯ ದನಿ.

ಬಿಸಿನೀರಿನ ಕೊಡ ಮುಸರತಳ ಸೊಂಟದಲ್ಲೇ ನಿಂತಿತು. ಹಿತ್ತಲಿನ ಹಗ್ಗಕ್ಕೆ ಮೂರು ಚಾದರ ಕಟ್ಟಿ ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ಅವಳ ಮಾವ ಮಸ್ತಾನಸಾಬ. ಅವರ ಮೈ ತೊಳೆಯಲು ಮಸೀದಿಯ ಮುಲ್ಲಾಸಾಬ, ಮಗ ಅಮ್ಜದ್, ಅಳಿಯ ತೌಸೀಫ್. ಹೆಂಗಸರು ಈಚೆ, ನೀರು ಕಾಯಿಸಿ ಕೊಡುವುದಷ್ಟೇ ಅವರ ಪಾಲು.

"ಕೀಳ್ರಿ ಅದನ್ನೂ," ಮುಲ್ಲಾಸಾಬರು ಹೇಳಿದರು. "ಮೈಗೆ ಅಂಟಿದ್ದು ಏನೂ ಇರಬಾರ್ದು. ನೀರು ಚರ್ಮಕ್ಕ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಗುಸ್ಲ್ ಆಗಂಗಿಲ್ಲ."

"ಈ ಕಡಿ ಹೆಗಲ ಹಿಂದ ಮತ್ತೊಂದು! ಏನೋ ಅಮ್ಜದ್, ಟ್ಯೂಬಿಗೆ ಪಂಚರ್ ಹಾಕಿದಂಗ ಹಾಕೀರಲ್ಲೋ ಮಾವಗ?" ತೌಸೀಫನ ನಾಲಿಗೆ ಸಾವಿನ ಮನೆಯಲ್ಲೂ ಸುಮ್ಮನಿರದು.

ಚಾದರದ ಸಂದಿಯಿಂದ ಅಮ್ಜದನ ಒದ್ದೆ ಮುಷ್ಟಿ ಹೊರಬಂತು.

"ಇಸ್ಕೋ," ಎಂದ ಹೆಂಡತಿಗೆ.

ಅವಳು ಕೊಡ ಇಳಿಸಿ ಅಂಗೈ ಒಡ್ಡಿದಳು. ಐದು ಪಟ್ಟಿ. ಮೈಬಣ್ಣದ, ದುಂಡನೆಯ, ತೆಳ್ಳನೆಯ ಔಷಧಿ ಪಟ್ಟಿಗಳು. ಮರೆವಿನ ಕಾಯಿಲೆಗೆಂದು ದಾವಣಗೆರೆಯ ಡಾಕ್ಟರು ಬರೆದುಕೊಟ್ಟವು. ಮಾವನ ಬೆನ್ನ ಮೇಲೆ ಇರಬೇಕಾದದ್ದು ಒಂದು. ಒಂದೇ ಒಂದು. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಅವಳು ಈ ಮನೆಯಲ್ಲಿ ಬಾಯಿ ನೋಯುವಷ್ಟು ಹೇಳಿದ್ದು ಅದನ್ನೇ.

ತಿರುಗಿಸಿ ನೋಡಿದಳು. ಒಂದರ ಮೇಲೆ 12, ಒಂದರ ಮೇಲೆ 13, ಇನ್ನೊಂದರ ಮೇಲೆ 14. ನೀಲಿ ಪೆನ್ನು, ಅವಳದೇ ಅಕ್ಷರ. ಉಳಿದೆರಡರ ಮೇಲೆ ಏನೂ ಇರಲಿಲ್ಲ.

"ಏನದು ದುಲ್ಹನ್?" ರಹಿಮತ್ ಬೀ ಹತ್ತಿರ ಬಂದಳು. ಸತ್ತವರ ತಂಗಿ. ಮುಸರತ ಈ ಮನೆಗೆ ಬಂದು ಹತ್ತೊಂಬತ್ತು ವರ್ಷವಾದರೂ ಅವಳ ಬಾಯಲ್ಲಿ ಇನ್ನೂ ಮದುಮಗಳು.

"ಔಷಧಿ ಪಟ್ಟಿ, ಫುಫು."

"ಐದು? ಯಾ ಅಲ್ಲಾ! ದಿನಕ್ಕ ಐದು ಹಚ್ಚತಿದ್ರೇನು?"

ಅಷ್ಟರಲ್ಲಿ ನಾದಿನಿ ನೂರೀನ ಬಗ್ಗಿ ನೋಡಿದಳು. ಅಮ್ಜದನ ಅಕ್ಕ, ತೌಸೀಫನ ಹೆಂಡತಿ, ಹರಪನಹಳ್ಳಿಯಿಂದ ಅಪ್ಪನನ್ನು ನೋಡಿಕೊಳ್ಳಲೆಂದು ಬಂದು ವಾರವಾಗಿತ್ತು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಇದು ನಿನ್ನ ಅಕ್ಷರ ಅಲ್ಲೇನು ಮುಸರತ?"

ಹೌದು, ಅವಳದೇ. ಅಂಗಳದ ಹೆಂಗಸರೆಲ್ಲ ಕತ್ತು ಚಾಚಿದರು. ಮುಸರತ ಒಂದೊಂದೇ ಪಟ್ಟಿಯನ್ನು ಅಂಟು ಒಳಗಾಗುವಂತೆ ಮಡಚಿದಳು. ಐದನ್ನೂ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು, ತೊಟ್ಟಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದಳು.

"ಅಬ್ಬಾನ ಮೈಮ್ಯಾಲಿಂದು ಮುಟ್ಟಿದ್ದಕ್ಕ ಸೋಪು ಹಾಕಿ ತೊಳೀತಾಳ ನೋಡವಾ," ಎಂದಳು ನೂರೀನ, ಯಾರಿಗೆಂದು ಇಲ್ಲದೆ.

*

"ದಿನಕ್ಕ ಒಂದೇ," ಎಂದಿದ್ದಳು ದಾವಣಗೆರೆಯ ಆಸ್ಪತ್ರೆಯ ನರ್ಸು. "ಮೊದಲು ಹಳೇದು ತಗೀರಿ, ಆಮ್ಯಾಲ ಹೊಸದು. ನಿನ್ನೆ ಹಚ್ಚಿದ ಜಾಗಕ್ಕ ಇವತ್ತು ಬ್ಯಾಡ. ತಗದಿದ್ದನ್ನ ಮಡಚಿ ಒಗೀರಿ, ಕೈ ತೊಳಕೊಳ್ರಿ. ಬೆನ್ನಿಗೆ ಹಚ್ಚಿದ್ರ ಅವರ ಕೈಗೆ ಸಿಗಂಗಿಲ್ಲ. ನೆನಪಿಗೆ ಬೇಕಂದ್ರ ಪೆನ್ನಿಲೆ ತಾರೀಖು ಬರೀರಿ. ವಾಂತಿ ಆತು, ತಲಿ ತಿರುಗಿತು ಅಂದ್ರ ಪಟ್ಟಿ ತಗದು ನಮಗ ಫೋನ್ ಮಾಡ್ರಿ. ಒಂದರ ಮ್ಯಾಲೊಂದು ಇದ್ರ ಎದಿ ಬಡಿತ ನಿಧಾನ ಆಗತೈತಿ. ತಿಳೀತಲ್ಲ?"

ತಿಳಿದದ್ದು ಮುಸರತಳಿಗೆ. ಅಮ್ಜದ್ ಆಗ ಬಾಗಿಲ ಹತ್ತಿರ ನಿಂತು ಚಿಗಟೇರಿಯ ಯಾರೊಂದಿಗೋ ಸುಟ್ಟ ಬೋರ್ ಮೋಟರಿನ ಬಗ್ಗೆ ಫೋನಿನಲ್ಲಿ ಕೂಗಾಡುತ್ತಿದ್ದ.

ಆದರೆ ತಿಳಿದವಳಿಗೆ ಬೆನ್ನು ಸಿಗಲಿಲ್ಲ. ಮಸ್ತಾನಸಾಬರು ಸೊಸೆಯ ಹೆಸರು ಮರೆತಿದ್ದರು, ತಮ್ಮೂರು ಕೊಟ್ಟೂರನ್ನು ಮರೆತಿದ್ದರು, ಉಂಡದ್ದು ಮರೆತು ಮತ್ತೆ ತಟ್ಟೆ ಕೇಳುತ್ತಿದ್ದರು. ನಾಚಿಕೆಯನ್ನು ಮಾತ್ರ ಮರೆತಿರಲಿಲ್ಲ. ಮೊದಲ ದಿನ ಅವಳು ಜುಬ್ಬದ ಅಂಚು ಮುಟ್ಟಿದ್ದೇ ತಡ, ಎರಡೂ ಕೈಯಿಂದ ಬಟ್ಟೆ ಬಿಗಿಹಿಡಿದು ಗೋಡೆಗೆ ಒರಗಿದ್ದರು. "ಹೊರಗ ಹೋಗು ಮಗಳ. ಗಂಡಸ್ರು ಅದೀವಿ ಇಲ್ಲಿ."

ಹಾಗಾಗಿ ಕೆಲಸ ಎರಡು ಪಾಲಾಯಿತು. ಪೊಟ್ಟಣ ಒಡೆಯುವುದು, ತಾರೀಖು ಬರೆಯುವುದು, ಗೋಡೆಯ ಕ್ಯಾಲೆಂಡರಿನಲ್ಲಿ ಎಡಕ್ಕೋ ಬಲಕ್ಕೋ ಎಂದು ಗುರುತು ಹಾಕುವುದು ಅವಳದು. ಹಚ್ಚುವುದು ಅವನದು. ನಡುವೆ ಮುಚ್ಚಿದ ಬಾಗಿಲು.

"ಹಳೇದು ತಗದ್ರೇನು?"

"ಹೂಂ."

"ಮಡಚಿದ್ರೇನು?"

"ಹೂಂ ಅಂದ್ನೆಲ್ಲ! ಎಷ್ಟು ಸಲ ಕೇಳ್ತಿ? ಪೊಲೀಸರು ಕೇಳಿದಂಗ ಕೇಳ್ತೀಯಲ್ಲ!"

*

ಅಡುಗೆಮನೆಯ ಮಾಡದಲ್ಲಿದ್ದ ಡಬ್ಬಿಯನ್ನು ಮುಸರತ ಕೆಳಗಿಳಿಸಿದಳು. ಮೂವತ್ತರ ಡಬ್ಬಿ, ಒಂದನೆಯ ತಾರೀಖಿಗೆ ಒಡೆದದ್ದು. ಹದಿನಾಲ್ಕು ದಿನ, ಹದಿನಾಲ್ಕು ಪಟ್ಟಿ. ಹದಿನಾರು ಉಳಿದಿರಬೇಕು. ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಹದಿನಾಲ್ಕೇ.

"ಇವೇನವಾ ಆ ಪಟ್ಟಿ?" ಪಕ್ಕದ ಮನೆಯ ಕೊಟ್ರಬಸಮ್ಮ ಚಹಾದ ಕೆಟಲ್ ಹಿಡಿದು ಒಳಗೆ ಬಂದಿದ್ದಳು. ಸಾವಿನ ಮನೆಯಲ್ಲಿ ಅಡುಗೆಯ ಒಲೆ ಹಚ್ಚುವಂತಿಲ್ಲವೆಂದು ಬೆಳಿಗ್ಗೆಯಿಂದ ಚಹಾ ಅವಳ ಮನೆಯದೇ. "ಇನ್ನೂ ಇಷ್ಟು ಉಳದಾವು. ಪಾಪ, ಸುಮ್ಮನ ಹಾಳಾಗ್ತಾವು. ನಮ್ಮ ಅತ್ತಿನೂ ಇತ್ತೀಚಿಗೆ ಚಶ್ಮಾ ತಲಿಮ್ಯಾಲ ಇಟ್ಕೊಂಡು ಮನಿ ತುಂಬ ಹುಡುಕ್ತಾಳ. ಒಂದು ನಾಕು ಕೊಡು, ಹಚ್ಚಿ ನೋಡ್ತೀನಿ."

ಮುಸರತಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

"ಅಕ್ಕಾ, ನಿಮ್ಮ ಅತ್ತಿ ಬಿಪಿ ಗುಳಿಗಿ ನುಂಗ್ತಾಳಿಲ್ಲ?"

"ಹೂಂ, ದಿನಾ."

"ಹಂಗಂದ್ರ ಡಾಕ್ಟರ್‌ನ ಕೇಳು. ನನ್ನ ಕೇಳಬ್ಯಾಡ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕೋದು ಈ ಓಣ್ಯಾಗ ಇವತ್ತಿಗೆ ಸಾಕು."

ಕೊಟ್ರಬಸಮ್ಮ ಮುಖ ಊದಿಸಿಕೊಂಡು ಕೆಟಲ್ ಎತ್ತಿಕೊಂಡು ಹೋದಳು. ಅವಳು ದಾಟಿದ ಹೊಸ್ತಿಲಲ್ಲಿ ನೂರೀನ ನಿಂತಿದ್ದಳು. ಡಬ್ಬಿಯನ್ನು ನೋಡಿದಳು, ಮುಸರತಳ ಮುಖ ನೋಡಿದಳು, ನೆಲ ನೋಡಿದಳು.

"ಎರಡು ಕಡಿಮಿ ಅದಾವು, ಆಪಾ."

"ನನಗೇನು ಗೊತ್ತು?"

"ತಾರೀಖು ಬರೀದ ನಾನು ಒಂದೂ ಕೊಟ್ಟಿಲ್ಲ. ಬೆನ್ನಿಂದ ಬಂದಾವು, ಖಾಲಿವು. ಎರಡ."

ನೂರೀನ ಬಾಗಿಲನ್ನು ಅರ್ಧ ಮುಂದೂಡಿದಳು. "ಸೋಮವಾರ ಮುಂಜಾನಿ ಅಮ್ಜದ್ ಪಟ್ಟಿ ಹಚ್ಚಿ ಹ್ವಾದ ಮ್ಯಾಲ ಅಬ್ಬಾ ನನ್ನ ನೋಡಿ 'ನೂರಿ' ಅಂದ. ಎರಡು ವರ್ಷ ಆಗಿತ್ತು ಆ ಹೆಸರು ಕೇಳಿ. ಸಂಜಿಗೆ ಮತ್ತ 'ಯಾರ ಪೈಕಿ ಹೆಣಮಗಳು ನೀನು?' ಅಂತ ಕೇಳಿದ. ಅದಕ್ಕ ಅವಗ ನಿದ್ದಿ ಹತ್ತಿದ ಮ್ಯಾಲ ಇನ್ನೊಂದು ಹಚ್ಚಿದೆ. ಮಂಗಳವಾರ ಸಂಜಿಗೆ ಇನ್ನೊಂದು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಗಳು ನಾನು. ಹೆಸರು ಹಿಡದು ಕರೀಲಿ ಅಂದ್ರ ತಪ್ಪೇನು?"

"ಮಂಗಳವಾರ ವಾಂತಿ ಶುರು ಆತು, ಆಪಾ."

"ಅದು ಮಿರ್ಚಿ ತಿಂದಿದ್ದಕ್ಕ ಅಂತ ಫುಫುನ ಹೇಳಿದ್ಲು."

ಹೌದು, ಹೇಳಿದ್ದಳು. ಮಂಗಳವಾರ ಮಧ್ಯಾಹ್ನ ರಹಿಮತ್ ಬೀ ಮಿರ್ಚಿಯೆಂದಳು. ನೂರೀನ ದೃಷ್ಟಿಯೆಂದು ಒಣಮೆಣಸಿನಕಾಯಿ ನಿವಾಳಿಸಿದಳು. ತೌಸೀಫ್ ಫೋನಿನಲ್ಲೇ ಬಿಸಿಲೆಂದ. ದಾವಣಗೆರೆಗೆ ಫೋನ್ ಮಾಡೋಣ, ಮೊದಲು ಬೆನ್ನು ನೋಡ್ರಿ ಎಂದವಳು ಮುಸರತ ಒಬ್ಬಳೇ. ನರ್ಸು ಕೊಟ್ಟ ನಂಬರಿಗೆ ಮರುದಿನ ತಾನೇ ಎರಡು ಸಲ ಮಾಡಿದಳು, ಯಾರೂ ಎತ್ತಲಿಲ್ಲ. ಅಮ್ಜದ್ ಚಿಗಟೇರಿಯ ಮೋಟರು ಮುಗಿಯಲಿ, ನಾಳೆ ಎಂದ. ಮರುದಿನವೂ ನಾಳೆ ಎಂದ. ಹತ್ತು ಮಂದಿ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಹಾವು ಸಾಯಲಿಲ್ಲ. ಇಂದು ಬೆಳಗಿನ ಜಾವ ಬಚ್ಚಲಿಗೆ ಹೋದ ಮಾವ ಅಲ್ಲೇ ಕುಸಿದು ಕುಳಿತಿದ್ದರು.

"ಇದನ್ನ ಅಮ್ಜದಗ ಹೇಳಬ್ಯಾಡ," ಎಂದಳು ನೂರೀನ. "ಮನಸಿಗೆ ಹಚ್ಕಂತಾನ."

*

ಉಜ್ಜಿನಿ ರಸ್ತೆಯಲ್ಲಿ ಮಸ್ತಾನಸಾಬರ ಮೋಟರ್ ವೈಂಡಿಂಗ್ ಅಂಗಡಿ ನಲವತ್ತು ವರ್ಷ ನಡೆಯಿತು. ಸುಟ್ಟ ಬೋರ್ ಮೋಟರುಗಳು ತೆಲಿಗಿಯಿಂದ, ಚಿಗಟೇರಿಯಿಂದ ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದವು. ಕರಿ ಹಿಡಿದ ತಾಮ್ರದ ತಂತಿಯನ್ನು ಬಿಚ್ಚಿ ತೆಗೆದು, ಹೊಸ ತಂತಿಯನ್ನು ಒಂದೊಂದೇ ಸುತ್ತು ಎಣಿಸುತ್ತ ಸುತ್ತಬೇಕು. ಎಣಿಸುವಾಗ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಯಾರಾದರೂ ಬಂದರೆ ಎಡಗೈಯ ಒಂದು ಬೆರಳು ಮೇಲೇಳುತ್ತಿತ್ತು: ತಡಿ. ಬುತ್ತಿ ತಂದ ಸೊಸೆಯಿರಲಿ, ಊರ ಗೌಡನಿರಲಿ, ಆ ಬೆರಳು ಇಳಿಯುವ ತನಕ ನಿಲ್ಲಬೇಕು.

ಅಮ್ಜದ್ ಕೆಲಸ ಕಲಿಯುವಾಗ ಅವನ ನೆತ್ತಿಗೆ ಮೊಟಕಿ ಹೇಳಿದ ಮಾತನ್ನು ಅವಳು ಬುತ್ತಿ ಹಿಡಿದು ನಿಂತು ಎಷ್ಟು ಸಲ ಕೇಳಿದ್ದಳೋ. "ಲೇ, ಹಳೇದು ಪೂರಾ ಬಿಚ್ಚದ ಹೊಸದು ಸುತ್ತಬ್ಯಾಡ. ಒಂದು ಎಳಿ ಉಳಿದ್ರೂ ಸುಡತೈತಿ."

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಹೋದಾಗ ಬೆರಳು ಮೇಲೇಳಲಿಲ್ಲ. ಸುತ್ತಿದ ತಂತಿಯ ಕಟ್ಟನ್ನು ಮೋಟರಿನ ಸಂದಿಗೆ ತುರುಕಲು ಮಾವ ಮರದ ಸುತ್ತಿಗೆಯಿಂದ ಬಡಿಯುತ್ತಿದ್ದರು. ಹೋಗುತ್ತಿರಲಿಲ್ಲ. ಸುತ್ತಿದ್ದನ್ನು ಮರೆತು ಮತ್ತೆ ಒಂದರಿಂದ ಎಣಿಸಿ, ಎರಡರಷ್ಟು ಸುತ್ತಿದ್ದರು. ಬೆಂಚಿನ ಮೇಲೆ ಮೋಟರಿನ ಒಡೆಯ, ತೆಲಿಗಿಯ ಗುರುಸಂಗಪ್ಪ, ಏನೂ ತಿಳಿಯದೆ ಕೂತಿದ್ದ.

ಮಸ್ತಾನಸಾಬರು ತಲೆಯೆತ್ತಿ ಸೊಸೆಯನ್ನು ನೋಡಿದರು. "ಮುಸರತ, ನಾ ಎಷ್ಟು ಎಣಿಸಿದ್ದೆ?"

ಅಂದಿನಿಂದ ಆ ಮನೆಯಲ್ಲಿ ಎಣಿಸುವವಳು ಅವಳಾದಳು.

*

ಜನಾಜಾ ಅಂಗಳಕ್ಕೆ ಬಂತು. ಬಿಳಿಬಟ್ಟೆಯೊಳಗೆ ಮಾವ ತೀರ ಸಣ್ಣಗೆ ಕಂಡರು. ಅಮ್ಜದ್ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಾಗ ಮುಸರತ ಅವನನ್ನು ಪಡಸಾಲೆಯ ಮೂಲೆಗೆ ಕರೆದಳು.

"ದಿನಾ ಹೂಂ ಅಂತಿದ್ರೆಲ್ಲ."

ಅವನು ಗೋಡೆಯ ಕ್ಯಾಲೆಂಡರ್ ನೋಡಿದ. "ಕೀಳಾಕ ಹ್ವಾದ್ರ ಅಳತಿದ್ದ. ಸಣ್ಣ ಕೂಸು ಅತ್ತಂಗ. ಮೊದಮೊದಲು ಕಿತ್ತೆ. ಆಮ್ಯಾಲ ಆಗಲಿಲ್ಲ ನನ್ನ ಕೈಲಿ. ಜಳಕ ಮಾಡಿಸುವಾಗ ತಾನ ಬೀಳತಾವ ಅನ್ಕಂಡೆ. ಬೀಳತಿದ್ವು. ಈ ವಾರ ವಾಂತಿ ಅಂತ ಜಳಕಾನ ಮಾಡಿಸಲಿಲ್ಲ."

"ನನಗ ಹೇಳಬಹುದಿತ್ತಲ್ಲ."

"ನೀ ಕೇಳಿದಿ, ನಾ ಹೂಂ ಅಂದೆ. ಮುಗೀತು." ಅವನು ಬಾಗಿಲ ಕಡೆ ತಿರುಗಿದ. "ಸತ್ತಿದ್ದು ಅದರಿಂದನ ಅಂತ ಏನು ಖಾತ್ರಿ? ಎಂಬತ್ತು ವಯಸ್ಸಾಗಿತ್ತು."

ಖಾತ್ರಿ ಇರಲಿಲ್ಲ. ಇನ್ನು ಎಂದಿಗೂ ಇರಲಾರದು. ಖಾತ್ರಿ ಇಲ್ಲದ ಸಾವು, ಖಾತ್ರಿಯಾದ ಅಕ್ಷರ. ಅಂಗಳದ ಹೆಂಗಸರು ಈಗಾಗಲೇ ಅವಳ ಕಡೆ ನೋಡಿ ಪಿಸುಗುಡುತ್ತಿದ್ದರು: ಔಷಧಿ ಸೊಸೆ ಕೈಯಾಗಿತ್ತಂತ. ಐದಂತ. ತಾರೀಖು ಬರದು ಬರದು ಹಚ್ಚಿದ್ಲಂತ.

ಅಮ್ಜದ್ ಹೊರಗೆ ಹೋಗಿ ಜನಾಜಾದ ತಲೆಯ ಕಡೆ ನಿಂತ. ವಾಡಿಕೆಯ ಮಾತು, ಮಗನೇ ಹೇಳಬೇಕು.

"ನಮ್ಮ ಅಬ್ಬಾನಿಂದ ಯಾರಿಗಾದ್ರೂ ನೋವಾಗಿದ್ರ, ಮಾತು ಹೆಚ್ಚುಕಡಿಮಿ ಆಗಿದ್ರ, ಮಾಫ್ ಮಾಡ್ರಿ."

ಗುಂಪಿನಿಂದ ಗುರುಸಂಗಪ್ಪ ರುಮಾಲು ತೆಗೆದು ಮುಂದೆ ಬಂದ. "ಮಸ್ತಾನಣ್ಣಂದು ನಮ್ಮ ಕಡಿ ಏನೂ ಇಲ್ಲಪಾ. ಆ ಒಂದು ಮೋಟರು ಸುಟ್ಟಿತ್ತು. ಅದೂ ಮಾಫ್."

"ಮಾಫ್, ಮಾಫ್," ಎಂದರು ಎಲ್ಲರೂ. ಎಷ್ಟು ಸಲೀಸಾಗಿ ಬರುತ್ತದೆ ಈ ಮಾತು ಎಂದುಕೊಂಡಳು ಮುಸರತ, ಬಾಗಿಲ ಚೌಕಟ್ಟಿಗೆ ಒರಗಿ.

ಆಗ ರಹಿಮತ್ ಬೀ ಅವಳ ರೆಟ್ಟೆ ಹಿಡಿದಳು. "ದುಲ್ಹನ್, ನೀನೂ ಕೇಳ್ಕಳವಾ. ಜನಾಜಾ ಎತ್ತೋದ್ರಾಗ. ಆಗಿದ್ದು ಆಗಿಹೋತು, ಬೇಕಂತ ಯಾರು ಮಾಡ್ತಾರ? ಒಂದು ಮಾತು ಮಾಫ್ ಕೇಳಿಬಿಡು, ಇಲ್ಲಿಗೆ ಮುಗೀತು. ನಾಳಿ ಯಾರೂ ಎತ್ತಂಗಿಲ್ಲ."

"ನಾನು?"

"ಮತ್ಯಾರು? ಔಷಧಿ ನಿನ್ನ ಕೈಯಾಗ ಇತ್ತಲ್ಲ."

ಮುಸರತ ಗಂಡನ ಕಡೆ ನೋಡಿದಳು. ಅವನು ಜನಾಜಾದ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಗಂಟು ಮೊದಲೇ ಗಟ್ಟಿಯಾಗಿತ್ತು.

ಹೆಂಗಸರ ಗುಂಪು ಸರಿದು ದಾರಿ ಬಿಟ್ಟಿತು. ನೂರೀನ ಬಂದಳು. ಕಣ್ಣು ಕೆಂಪಗೆ ಊದಿದ್ದವು, ಅಳು ಸುಳ್ಳಾಗಿರಲಿಲ್ಲ. ಎಲ್ಲರೆದುರು ಎರಡೂ ಕೈ ಚಾಚಿದಳು.

"ಆಕಿ ಯಾಕ ಕೇಳಬೇಕು ಫುಫು? ಕೇಳದಿದ್ರೂ ನಾ ಮಾಫ್ ಮಾಡೀನಿ. ಅಬ್ಬಾನ ಮಗಳಾಗಿ ಹೇಳ್ತೀನಿ. ನಮ್ಮ ಮನಸಿನ್ಯಾಗ ಏನಿಲ್ಲ. ಬಾ ಮುಸರತ."

"ಬಂಗಾರದಂಥ ಮನಸು," ಎಂದಳು ಯಾರೋ.

ಹೊರಗೆ ನಾಲ್ಕು ಹೆಗಲು ಜನಾಜಾದ ಕೆಳಗೆ ಬಾಗಿದವು. ಚಾಚಿದ ಕೈಗಳು ಹಾಗೇ ಇದ್ದವು, ಹತ್ತಿರ, ಮೆಹಂದಿಯ ಹಳೇ ಬಣ್ಣ ಉಗುರಿನ ತುದಿಗೆ ಸರಿದ ಕೈಗಳು. ಮುಸರತ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಳಗೆ ಐದು ಇದ್ದವು. ಬಟ್ಟೆಯ ಮೇಲಿನಿಂದ ಯಾವುದಕ್ಕೆ ತಾರೀಖು ಇದೆ, ಯಾವುದಕ್ಕೆ ಇಲ್ಲ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ.

ಎಡಗೈಯ ಒಂದು ಬೆರಳು ಮೇಲೆತ್ತಿದಳು. ಅಂಗಳದ ಪಿಸುಮಾತು ನಿಂತಿತು.

"ಬ್ಯಾಡ, ಆಪಾ," ಎಂದಳು. "ನಿಮ್ಮ ಮಾಫಿ ನನಗ ಬ್ಯಾಡ."