ಮದ್ದಳೆಗೆ ಹತ್ತಿದ ಸ್ಪ್ಯಾನಿಷ್ ಹಾಡು

ಮೂವತ್ತು ವರ್ಷ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸಿದವನು ನಾನು. ಸಿನಿಮಾ ಹಾಡೆಂದರೆ ಮೂಗು ಮುರಿಯುವ ಜಾತಿ. ಅಂಥವನ ಕಿವಿಗೆ ಸ್ಪ್ಯಾನಿಷ್ ಹಾಡು ತುರುಕಿದವನು ನಮ್ಮ ಸ್ತ್ರೀವೇಷದ ಶೈಲೇಶ್. ಮೇಳದ ಬಸ್ಸು ತಲ್ಲೂರು ದಾಟುವಾಗ ತನ್ನ ಇಯರ್‌ಫೋನಿನ ಒಂದು ತುದಿ ನನಗೆ ಕೊಟ್ಟ. ಅರ್ಥ ಕೇಳಿದರೆ ತನಗೂ ಗೊತ್ತಿಲ್ಲ ಅಂದ.

ಗೊತ್ತಾಗಬೇಕಾದ್ದೂ ಏನಿರಲಿಲ್ಲ. ಯಾವನೋ ಒಬ್ಬ ಯಾವಳನ್ನೋ ಗೋಗರೆಯುತ್ತಿದ್ದ, ಅಷ್ಟೆ. ಆದರೆ ದನಿ ಅಳುತ್ತಿದ್ದರೂ ಪೆಟ್ಟು ಅಳುತ್ತಿರಲಿಲ್ಲ. ಮೂರು, ಮೂರು, ಎರಡು ಎಂದು ನೇರ ಸೊಂಟಕ್ಕೇ ಕೈಹಾಕುತ್ತಿತ್ತು. ಐವತ್ತಾರನೇ ವಯಸ್ಸಿನಲ್ಲಿ ನನಗೆ ಅದರ ಹುಚ್ಚು ಹಿಡಿಯಿತು. ಹೆಂಡತಿ ವಾರಿಜಾಕ್ಷಿ ಗಂಜಿ ಬಡಿಸಿದರೆ ಬಟ್ಟಲಿನ ಅಂಚಿನಲ್ಲೂ ಬೆರಳು ಅದನ್ನೇ ಬಾರಿಸುತ್ತಿತ್ತು.

ಕಿರಿಮಂಜೇಶ್ವರದಲ್ಲಿ ಸಂಜೆಯ ಕಾಲಮಿತಿ ಆಟ. ಗಂಡ ಬಿಟ್ಟುಹೋದ ರಾಣಿ ಕಾಡಿನಲ್ಲಿ ಅಳುವ ಪದ್ಯ. ಶೈಲೇಶ್‌ಗೆ ಮೊದಲ ಸಲ ಸಿಕ್ಕ ದೊಡ್ಡ ವೇಷ. ನಡುವೆ ನನ್ನ ಕೈ ಜಾರಿತು. ಎಂಟರ ಲೆಕ್ಕ ತಪ್ಪಲಿಲ್ಲ, ಒಳಗಿನ ಪೆಟ್ಟು ಮಾತ್ರ ಆ ಹಾಡಿನದು. ಅವನ ಕಾಲಿಗೆ ಅದರ ಗುರುತು ಹತ್ತಿತು. ಅಳುತ್ತಿದ್ದ ರಾಣಿಯ ಸೊಂಟ ಬಳುಕಿತು. ಸಭೆಯಲ್ಲಿ ಶಿಳ್ಳೆ ಎದ್ದಿತು. ನಿಜ ಹೇಳುತ್ತೇನೆ, ಮದ್ದಳೆಯಲ್ಲಿ ಅಷ್ಟು ಸುಖ ನನಗೆ ಎಂದೂ ಸಿಕ್ಕಿರಲಿಲ್ಲ.

ಆಟ ಮುಗಿದು ವೇಷ ಕಳಚುವ ಚೌಕಿಗೆ ಭಾಗವತ ಮಧುಸೂದನರು ಕೆಂಡವಾಗಿ ಬಂದರು. ಮೇಳದಲ್ಲಿ ಹಾಡುವವರೂ ಅವರೇ, ಆಡಿಸುವವರೂ ಅವರೇ. ಕುಣಿಯುವ ಕಾಲನ್ನು ಮದ್ದಳೆ ಹಿಂಬಾಲಿಸುವುದು ನಮ್ಮಲ್ಲಿ ರೂಢಿ. ಹಾಗಾಗಿ ಕಾಲೇ ದಾರಿ ಬಿಟ್ಟಿತೆಂದು ಅವರು ತೀರ್ಮಾನಿಸಿಬಿಟ್ಟರು. ನಾಳೆಯಿಂದ ಶೈಲೇಶ್‌ಗೆ ಸಖಿಯ ವೇಷ ಸಾಕು ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವ್ ಹಿಡ್ಕಂಡದ್ದಕ್ಕೆ ಪದ್ಯ ಉಳಿತ್ ಮಾರ್ರೆ."

ನಾನು ಮದ್ದಳೆಗೆ ಗವಸು ಹಾಕುತ್ತಿದ್ದೆ. ಬಾಯಿ ಬಿಡಲಿಲ್ಲ. ಹೇಳಿದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲಾದೀತೆಂಬ ಹೆದರಿಕೆ. ಶೈಲೇಶ್ ಕನ್ನಡಿಯ ಮುಂದೆ ಬಣ್ಣ ಒರೆಸುತ್ತಿದ್ದ.

ಮೂರು ಆಟಗಳಲ್ಲಿ ಅವನು ಸಖಿಯಾಗಿ ಮೂಲೆಯಲ್ಲಿ ನಿಂತ. ಮಾತಿಲ್ಲ, ಕುಣಿತವಿಲ್ಲ. ನೋಡುತ್ತಾ ಬಾರಿಸುವುದು ನನಗೆ ಆಗಲಿಲ್ಲ. ನಾಲ್ಕನೇ ದಿನ ಬಸ್ಸಿನಲ್ಲಿ ನಾನೇ ಹೋಗಿ ಅವನ ಪಕ್ಕ ಕುಳಿತೆ. ತಪ್ಪು ಕೈಯದ್ದು, ಕಾಲಿನದ್ದಲ್ಲ, ಭಾಗವತರಿಗೆ ಹೇಳಿಬಿಡುತ್ತೇನೆ ಅಂದೆ. ಅಷ್ಟಾದರೂ ಬುದ್ಧಿ ಬರಲಿಲ್ಲ ನೋಡಿ, ಅವತ್ತು ನೀನೇ ಯಾಕೆ ಹೇಳಲಿಲ್ಲ ಎಂದೂ ಕೇಳಿದೆ.

ಶೈಲೇಶ್ ಕಿಟಕಿಯ ಹೊರಗೆ ನೋಡುತ್ತಿದ್ದ.

"ನೀವೇ ಹೇಳ್ತ್ರಿ ಅಂದ್ಹೇಳಿ ಕಾಯ್ತಿದ್ದೆ" ಅಂದ.