ವಾಡಿಯ ಮಾಳಿಗೆ, ದಂಡೋತಿಯ ಮಣ್ಣು

ಶಿವಕಾಂತಮ್ಮ ಮಾಳಿಗೆಯ ಮೆಟ್ಟಿಲ ಮೇಲೆ ಜಾರಿ ಬಿದ್ದದ್ದು ಏಪ್ರಿಲ್ ಶುರುವಿನಲ್ಲಿ, ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಹತ್ತುವಾಗ. ಪಾದದ ಗಂಟಿನ ಹತ್ತಿರ ಎಲುಬು ಬಿರುಕುಬಿಟ್ಟಿತ್ತು. ಡಾಕ್ಟರು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಬಿಚ್ಚುವವರೆಗೆ ಮೆಟ್ಟಿಲಿನ ಹೆಸರೆತ್ತಬಾರದು ಎಂದು ಕಳಿಸಿದರು. ಮನೆಗೆ ಬಂದು ಮಂಚದ ಮೇಲೆ ಕಾಲು ಚಾಚಿದ ಕೂಡಲೇ ಅವರು ಸೊಸೆಯನ್ನು ಕೇಳಿದರು:

"ನನ್ನ ಗಿಡಕ್ಕ ನೀರ್ ಯಾರ್ ಹಾಕ್ತಾರ?"

ಆ ಗಿಡಗಳು ಸುಮ್ಮನೆ ಬೆಳೆದವಲ್ಲ. ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ಮಗ ಉದಯಕುಮಾರನಿಗೆ ವಾಡಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಮೇಲಿನ ಮನೆ ಸಿಕ್ಕಾಗ ಶಿವಕಾಂತಮ್ಮ ತಮ್ಮೂರು ದಂಡೋತಿಯ ಹೊಲದಿಂದ ಚೀಲಚೀಲ ಎರೆಮಣ್ಣು ತರಿಸಿ, ಅಡ್ಡ ಕೊಯ್ದ ನೀಲಿ ಡ್ರಮ್ಮುಗಳಿಗೆ ತುಂಬಿದ್ದರು. ಈಗ ಮಾಳಿಗೆಯ ಮೇಲೆ ಬದನೆ, ಮೆಣಸಿನಕಾಯಿ, ಪುಂಡಿಪಲ್ಯ, ಒಂದು ದೊಡ್ಡ ಕುಂಡದಲ್ಲಿ ಕರಿಬೇವು. ಎಲೆಗಳ ಮೇಲೆ ಕೂರುವ ಸಿಮೆಂಟ್ ಕಾರ್ಖಾನೆಯ ಧೂಳನ್ನು ಅವರು ದಿನಾ ಬೆಳಗ್ಗೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

"ನೀ ಒಮ್ಮೆ ಹಗಲ ಡ್ಯೂಟಿ, ಒಮ್ಮೆ ರಾತ್ರಿ ಡ್ಯೂಟಿ. ಉದಯ ಗೂಡ್ಸ್ ಗಾಡಿ ಹಿಂದ ಹೋದ್ರ ಯಾವಾಗ ಬರ್ತಾನೋ ಗೊತ್ತಿಲ್ಲ," ಎಂದು ಶಿವಕಾಂತಮ್ಮ ಮಾತು ಮುಂದುವರಿಸಿದರು.

"ನಾ ಹಾಕಂಗಿಲ್ರಿ ಅತ್ತಿ," ಎಂದಳು ರಾಧಿಕಾ. "ಮಣ್ಣ ಒಣಗಿದ್ರ ತಾನೇ ಕೇಳಿ ಹಾಕಿಸ್ಕೋತದ. ನೋಡ್ತಿರ್ರಿ."

ರಾಧಿಕಾ ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ಟೆಕ್ನಿಷಿಯನ್. ತಂತಿ, ರಿಲೇ, ಮೋಟಾರು ಅಂದರೆ ಅವಳ ಕೈಗೆ ಹುರುಪು. ಕಲಬುರಗಿಯ ಅಂಗಡಿಯಿಂದ ತೇವಾಂಶದ ಸೆನ್ಸರ್ ತಂದಳು. ಅಂಗೈಯಷ್ಟುದ್ದದ ಚಪ್ಪಟೆ ಪಟ್ಟಿ, ಮಣ್ಣಿನಲ್ಲಿ ಚುಚ್ಚಿದರೆ ಸುತ್ತಲ ಹಸಿಯನ್ನು ಅಂಕಿಯಾಗಿ ಹೇಳುತ್ತದೆ. ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ. ಅದನ್ನು ಒಂದು ಚಿಕ್ಕ ಬೋರ್ಡಿಗೆ ಜೋಡಿಸಿ, ಕೆಟ್ಟ ಏರ್ ಕೂಲರಿನಿಂದ ಬಿಚ್ಚಿದ ಪಂಪನ್ನು ನೀರಿನ ಟಾಕಿಯಲ್ಲಿ ಇಳಿಬಿಟ್ಟಳು. ಅಂಕಿ ಒಂದು ಮಟ್ಟ ದಾಟಿದರೆ ಪಂಪು ಶುರು, ಕೆಳಗಿಳಿದರೆ ಬಂದ್. ಆ ಮಟ್ಟ ಎಷ್ಟಿರಬೇಕೆಂದು ಇಂಟರ್‌ನೆಟ್ಟಿನಲ್ಲಿ ನೋಡಿ ಹಾಕಿದಳು. ಪಟ್ಟಿಯನ್ನು ಬದನೆಯ ಡ್ರಮ್ಮಿನಲ್ಲಿ ಚುಚ್ಚಿ, ಸಣ್ಣ ಪೈಪುಗಳನ್ನು ಎಲ್ಲ ಗಿಡಗಳಿಗೂ ಹಂಚಿ, ಡ್ಯೂಟಿಗೆ ಹೋದಳು.

ಮೊದಲ ವಾರ ಎಲ್ಲ ನೆಟ್ಟಗೆ ನಡೆಯಿತು. ಎರಡನೇ ವಾರದ ಒಂದು ಮಧ್ಯಾಹ್ನ ಕೆಳಗಿನ ಮನೆಯ ಆಶಾಬಿ ಏದುಸಿರು ಬಿಡುತ್ತ ಮೇಲೆ ಬಂದರು. ರಾಧಿಕಾ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು.

"ರಾಧಿಕಾ, ನಿನ್ನ ಮಾಳಿಗಿ ಮ್ಯಾಲ ಏನ್ ನಡದದ? ಪರನಾಳಿಲಿಂದ ನೀರ್ ಬಿದ್ದು ನನ್ನ ಶ್ಯಾವಿಗಿ ಎಲ್ಲಾ ಮುದ್ದಿ ಆಗ್ಯಾದ! ಮುಂಜಾನಿಲಿಂದ ಕುಂತು ಮಾಡಿದ್ದೆ, ಅಂಗಳದಾಗ ಹೊರಸ ತುಂಬ ಒಣಗಾಕ ಹಾಕಿದ್ದೆ."

ರಾಧಿಕಾ ಮಾಳಿಗೆಗೆ ಓಡಿದಳು. ಪಂಪು ನಿಲ್ಲದೆ ತಿರುಗುತ್ತಿತ್ತು, ಟಾಕಿಯ ತಳ ಕಾಣುತ್ತಿತ್ತು, ಬದನೆಯದು ಬಿಟ್ಟು ಉಳಿದ ಡ್ರಮ್ಮುಗಳು ತುಂಬಿ ಉಕ್ಕಿ, ಮಾಳಿಗೆಯ ನೀರು ಹೊರಬೀಳುವ ಪರನಾಳಿಯತ್ತ ನೀರು ಹರಿಯುತ್ತಿತ್ತು. ವೈರ್ ಕಿತ್ತು ಕೆಳಗೆ ಬಂದಳು.

"ತಪ್ಪ್ ನಂದೇ ಖಾಲಾ. ರವಿವಾರ ನನಗ ಸುಟ್ಟಿ ಅದ, ನಿಮ್ಮ ಜೋಡಿ ಕುಂತು ಶ್ಯಾವಿಗಿ ಮಾಡ್ತೀನಿ."

"ನಿನಗ ಬರ್ತದೇನು?"

"ಇಲ್ಲ. ಕಲೀತೀನಿ."

ಆಶಾಬಿಯ ಸಿಟ್ಟು ಅರ್ಧ ಇಳಿಯಿತು. ಮಂಚದ ಮೇಲಿಂದ ಶಿವಕಾಂತಮ್ಮ, "ಆ ಡಬ್ಬಿ ತಗದ್ ಒಗಿ. ಆಳಿನ ಕೈಲಿ ನೀರ್ ಹಾಕಿಸಿದ್ರಾತು," ಎಂದರು.

"ಯಾಕ್ ಒಗೀಬೇಕ್ರಿ? ಎಲ್ಲಿ ತಪ್ಪ್ಯಾದ ಅಂತ ಮೊದಲ ನೋಡ್ತೀನಿ. ಸಿಗ್ನಲ್ ಕೆಟ್ರ ರೈಲ್ ಬಂದ್ ಮಾಡ್ತಾರೇನು?"

ಮರುದಿನ ಬೆಳಗ್ಗೆ ಅವಳು ಬದನೆಯ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಾರಣ ಅಲ್ಲೇ ಇತ್ತು. ಎರೆಮಣ್ಣು ಬಿಸಿಲಿಗೆ ಕುಗ್ಗಿ ಬಿರಿದಿತ್ತು. ಬಿರುಕು ಸರಿಯಾಗಿ ಪಟ್ಟಿಯ ಗುಂಟ ಹಾದಿತ್ತು, ಅದರೊಳಗೆ ಬಿದ್ದ ನೀರು ನಿಲ್ಲದೆ ತಳದ ತೂತಿನಿಂದ ಇಳಿದುಹೋಗುತ್ತಿತ್ತು. ಪಟ್ಟಿಗೆ ಅಂಟಿಕೊಂಡಿದ್ದು ಮಣ್ಣಲ್ಲ, ಗಾಳಿ. ಬೇರಿನ ಸುತ್ತ ಎಷ್ಟೇ ಹಸಿಯಿದ್ದರೂ ಅದು ಒಣಗಿದೆ ಎಂದೇ ಹೇಳುತ್ತಿತ್ತು, ಪಂಪು ಅದರ ಮಾತು ನಂಬುತ್ತಿತ್ತು.

ತನ್ನ ಮೇಲೆಯೇ ಅವಳಿಗೆ ನಗು ಬಂತು. ಸಿಗ್ನಲ್ಲಿನಲ್ಲಿ ಒಂದು ತಂತಿ ಕಡಿದರೂ ದೀಪ ಕೆಂಪಾಗಬೇಕು. ಅನುಮಾನ ಬಂದರೆ ಗಾಡಿ ನಿಲ್ಲಬೇಕು. ದಿನಾ ಯಾರ್ಡಿನಲ್ಲಿ ಪಾಲಿಸುವ ಈ ನಿಯಮವನ್ನು ಮಾಳಿಗೆಗೆ ಹತ್ತುವಾಗ ಕೆಳಗೇ ಬಿಟ್ಟು ಬಂದಿದ್ದಳು. ಹೊಸದಾಗಿ ಕಟ್ಟಿದಳು. ಈಗ ಮೂರು ಡ್ರಮ್ಮಿಗೆ ಮೂರು ಪಟ್ಟಿ; ಎರಡಾದರೂ ಒಣಗಿದೆ ಎಂದರೆ ಮಾತ್ರ ಪಂಪು ಶುರು. ಶುರುವಾದದ್ದು ಸ್ವಲ್ಪ ಹೊತ್ತಿಗೆ ತಾನೇ ನಿಂತು, ನೀರು ಇಳಿಯುವವರೆಗೆ ಕಾಯಬೇಕು. ಒಂದೇ ಒಂದು ಪಟ್ಟಿಯ ಅಂಕಿ ವಿಚಿತ್ರವಾಗಿ ಏರಿದರೂ ಪಂಪು ಬಂದ್, ಕೆಂಪು ದೀಪ ಚಾಲೂ. ಮಣ್ಣಿಗೆ ಮರಳು, ಗೊಬ್ಬರ ಬೆರೆಸಿ ಪಟ್ಟಿಯ ಸುತ್ತ ಬಿಗಿಯಾಗಿ ಒತ್ತಿದಳು. ಮೇಲೆ ಬಿರಿಯದಂತೆ ತೊಗರಿ ಹೊಟ್ಟು ಹಾಸಿದಳು.

ಉಳಿದದ್ದು ಆ ಮಟ್ಟದ ಅಂಕಿ. ಇಂಟರ್‌ನೆಟ್ಟಿನ ಅಂಕಿ ಬೇರೆ ಯಾರದೋ ಮಣ್ಣಿನದು. ರಾಧಿಕಾ ನಾಲ್ಕು ಸ್ಟೀಲ್ ಡಬ್ಬಿಗಳಲ್ಲಿ ಮಾಳಿಗೆಯ ಮಣ್ಣು ತುಂಬಿ, ಒಂದಕ್ಕಿಂತ ಒಂದಕ್ಕೆ ಹೆಚ್ಚು ನೀರು ಬೆರೆಸಿ, ಅತ್ತೆಯ ಮಂಚದ ಪಕ್ಕ ಇಟ್ಟಳು.

"ಏನಿದು?"

"ಕೈ ಹಾಕಿ ನೋಡ್ರಿ. ಯಾವ ಡಬ್ಬಿ ಮಣ್ಣ ಇದ್ರ ನೀವು ನೀರ್ ಹಾಕ್ತೀರಿ, ಹೇಳ್ರಿ."

ಬಹಳ ದಿನಗಳ ಮೇಲೆ ಶಿವಕಾಂತಮ್ಮನ ಕೈಗೆ ಮಣ್ಣು ಸಿಕ್ಕಿತು. ಒಂದೊಂದನ್ನೂ ಹಿಚುಕಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದರು. ಎರಡನೇ ಡಬ್ಬಿಯದು ಉಂಡೆಯಾಯಿತು, ಒತ್ತಿದಾಗ ಒಡೆಯಿತು.

"ಇದು ಬದನಿಗಿಡಕ್ಕ ನೀರ್ ಹಾಕೋ ಹೊತ್ತು. ಮೆಣಸಿನಗಿಡಕ್ಕ ಇನ್ನಾ ಜರಾ ಒಣಗಲಿ, ಕಾಯಿ ಖಾರ ಆಗ್ತಾವ."

ರಾಧಿಕಾ ಆ ಡಬ್ಬಿಗೇ ಪಟ್ಟಿ ಚುಚ್ಚಿ ಅಂಕಿ ನೋಡಿಕೊಂಡಳು. "ಆತ್ ನೋಡ್ರಿ. ಇನ್ನ ನಿಮ್ಮ ಹೆಬ್ಬಟ್ಟೇ ಪಂಪ್ ನಡಸ್ತದ."

ಶಿವಕಾಂತಮ್ಮ ನಗಲಿಲ್ಲ, ಆದರೆ ಡಬ್ಬಿಗಳನ್ನು ವಾಪಸ್ ಒಯ್ಯಲು ಬಿಡದೆ ಇನ್ನಷ್ಟು ಹೊತ್ತು ಹತ್ತಿರವೇ ಇಟ್ಟುಕೊಂಡರು.

ಜಗಳ ಬಂದದ್ದು ಕರಿಬೇವಿನ ಮೇಲೆ. ಶಿವಕಾಂತಮ್ಮ ಜಾರಿ ಬೀಳುವ ಮುಂಚಿನಿಂದಲೇ ಅದರ ಎಲೆ ಹಳದಿಯಾಗುತ್ತ ಬಂದಿತ್ತು. ರಾಧಿಕಾ ಒಂದು ಟೊಂಗೆ ತಂದು ತೋರಿಸಿದಾಗ ಅತ್ತೆಯ ಮುಖ ಬಿಗಿಯಿತು.

"ನೀರ್ ಸಾಲಂಗಿಲ್ಲ ಅದಕ್ಕ. ನಾ ದಿನಾ ಒಂದ್ ಬಕೆಟ್ ಹಾಕ್ತಿದ್ದೆ."

"ನಾ ಪಟ್ಟಿ ಆಳಕ್ಕ ಇಳಿಸಿ ನೋಡೀನ್ರಿ. ಮ್ಯಾಲ ಒಣಗ್ಯಾದ, ಕೆಳಗ ರಾಡಿ ಅದ. ಅದಕ್ಕ ನೀರ್ ಹೆಚ್ಚಾಗ್ಯಾದ."

"ನಲವತ್ತ್ ವರ್ಷ ಒಕ್ಕಲತನ ಮಾಡೀನಿ, ನನಗ ಹೇಳ್ತಿಯೇನು?"

"ಹೊಲದಾಗ ನೀರ್ ಕೆಳಗ ಇಳೀತದ್ರಿ. ಕುಂಡದಾಗ ಎಲ್ಲಿಗಿ ಹೋಗ್ಬೇಕು?"

ಅಂದು ಉದಯಕುಮಾರ ಮನೆಯಲ್ಲಿದ್ದ. ಗಂಡ ಹೆಂಡತಿ ಸೇರಿ ಕುಂಡವನ್ನು ಕೆಳಗೆ ಹೊತ್ತು ತಂದು, ಶಿವಕಾಂತಮ್ಮನ ಕಣ್ಣೆದುರಿಗೇ ಗೋಣಿಚೀಲದ ಮೇಲೆ ಬೋರಲು ಹಾಕಿದರು. ಮೇಲಿನ ಮಣ್ಣು ಪುಡಿಯಾಗಿ ಉದುರಿತು. ತಳದ ಮಣ್ಣು ಕಪ್ಪು ಕೆಸರಾಗಿ ನಾರುತ್ತಿತ್ತು; ನೀರು ಇಳಿಯುವ ತೂತಿಗೆ ಕಲ್ಲೊಂದು ಸಿಕ್ಕಿಕೊಂಡಿತ್ತು. ಬೇರಿನ ತುದಿಗಳು ಮೆತ್ತಗಾಗಿ ಕೈಗೆ ಬಂದವು.

ಶಿವಕಾಂತಮ್ಮ ಬಾಗಿ ಬೇರನ್ನು ಮೂಸಿ ನೋಡಿದರು. ಪ್ರೀತಿಯಿಂದ ಹಾಕಿದ ನೀರೇ ಗಿಡವನ್ನು ಕೊಳೆಸಿದ್ದು ಅವರಿಗೆ ನೋವಾಯಿತು, ರಾಧಿಕಾ ಅದನ್ನು ಕಂಡಳು. ಗೆದ್ದೆ ಅನ್ನಿಸಲಿಲ್ಲ ಅವಳಿಗೆ. ಅತ್ತೆಯೇ ಮೊದಲು ಮಾತಾಡಿದರು.

"ಉದಯ, ಕತ್ತರಿ ತಾ. ಕೊಳೆತದ್ದಷ್ಟು ತಗಿಯೋಣ. ಮ್ಯಾಲಿನ್ ಬೇರ್ ಗಟ್ಟಿ ಅದ, ಬದುಕ್ತದ." ಆಮೇಲೆ ಸೊಸೆಯ ಕಡೆ ತಿರುಗಿ, "ಇದಕ್ಕೂ ಒಂದ್ ಪಟ್ಟಿ ಹಾಕು. ಆಳಕ್ಕ ಹಾಕು," ಎಂದರು.

ರವಿವಾರ ರಾಧಿಕಾ ಆಶಾಬಿಯ ಅಂಗಳದಲ್ಲಿ ಕೂತು ಶ್ಯಾವಿಗೆ ಮಾಡಿದಳು. ಅವಳ ಎಳೆಗಳು ದಪ್ಪ ದಪ್ಪ ಬಂದವು, ಆಶಾಬಿ ಅವನ್ನು ಬೇರೆಯೇ ತಟ್ಟೆಯಲ್ಲಿ ಒಣಗಲು ಹಾಕಿದರು.

ಮೇ ತಿಂಗಳಲ್ಲಿ ಚಿಂಚೋಳಿಯಿಂದ ರಾಧಿಕಾಳ ತಂಗಿಯ ಮಗುವಿನ ತೊಟ್ಟಿಲು ಕಾರ್ಯಕ್ಕೆ ಕರೆ ಬಂತು. ಅಷ್ಟರಲ್ಲಿ ಶಿವಕಾಂತಮ್ಮನ ಪ್ಲಾಸ್ಟರ್ ಬಿಚ್ಚಿತ್ತು. ಕೋಲು ಹಿಡಿದು ನಡೆಯುತ್ತಿದ್ದರು. ಮನೆಗೆ ಬೀಗ ಹಾಕಿ ಎಲ್ಲರೂ ಹೊರಟರು. ಕೀಲಿಕೈಯನ್ನು ಆಶಾಬಿಯ ಕೈಗೆ ಕೊಡುತ್ತ ರಾಧಿಕಾ, "ಕೆಂಪು ದೀಪ ಹತ್ತಿದ್ರಷ್ಟೇ ಫೋನ್ ಮಾಡ್ರಿ," ಎಂದಳು.

ಮೂರನೇ ದಿನ ಆಶಾಬಿಯ ಫೋನ್ ಬಂತು. ದೀಪ ಹತ್ತಿತ್ತು. ರಾಧಿಕಾ ಗಾಬರಿಯಾಗಲಿಲ್ಲ, ಒಂದೊಂದೇ ಪಟ್ಟಿ ನೋಡಲು ಹೇಳಿದಳು. ಮಂಗವೊಂದು ಮೆಣಸಿನ ಡ್ರಮ್ಮಿನ ಪಟ್ಟಿಯನ್ನು ಕಿತ್ತೆಸೆದಿತ್ತು. ಪಂಪು ನಿಂತಿತ್ತು, ಒಂದು ಹನಿಯೂ ಪೋಲಾಗಿರಲಿಲ್ಲ.

"ಮತ್ತ ಚುಚ್ಚಿ ಸುತ್ತಲೂ ಒತ್ರಿ ಖಾಲಾ."

"ಒತ್ತೀನಿ. ದೀಪ ಹೋಯ್ತು ನೋಡು!" ಆಶಾಬಿಯ ದನಿ ಏರಿತು. "ಕೇಳ್, ನನ್ನ ಪುದೀನಾಕ್ಕೂ ಹಿಂಥಾದ್ದೊಂದ್ ಮಾಡಿಕೊಡ್ತಿಯೇನು?"

ಪಕ್ಕದಲ್ಲಿ ಕೂತು ಎಲ್ಲ ಕೇಳುತ್ತಿದ್ದ ಶಿವಕಾಂತಮ್ಮ ಸೊಸೆಯ ಕೈಯಿಂದ ಫೋನ್ ತೆಗೆದುಕೊಂಡರು.

"ಮಾಡಿಕೊಡ್ತೀವಿ ಆಶಾಬಿ. ನಾವ್ ಬಂದ ಮ್ಯಾಲ ನಿನ್ನ ಕುಂಡದ ಮಣ್ಣ ಒಂದ್ ಡಬ್ಬ್ಯಾಗ ಹಾಕ್ಕೊಂಡ್ ನನ್ನ ಹಂತ್ಯಾಕ ತಗೊಂಡ್ ಬಾ. ಮೊದಲ ಮಣ್ಣ ನೋಡಬೇಕು."