ಚೆಂಡು ಮುಟ್ಟದ ಆಟಗಾರ

ಗಲ್ಫಿನ ಅಲ್ ಅಜೀಜಿಯಾದಲ್ಲಿ ಫಿಡೆಲಿಸನ ನೆರೆಯವನಾಗಿದ್ದ ಕರ್ಟಿಸ್ ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕೇ ಬರುತ್ತಿರಲಿಲ್ಲ. ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಸೇಫ್ಟಿ ಟ್ರೈನರ್ ಆಗಿದ್ದ ಅವನು ಹಿಂದೆ ಅಮೆರಿಕದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಲ್ಲಿಯ ಫುಟ್‌ಬಾಲನ್ನೇ ವೃತ್ತಿಯಾಗಿ ಆಡಿದವನು. ಮೊಣಕಾಲು ಎರಡೂ ಕೆಟ್ಟ ಮೇಲೆ ಆಟ ಬಿಟ್ಟಿದ್ದ.

2004ರ ಒಂದು ಶುಕ್ರವಾರ ಅವನು ಊಟಕ್ಕೆ ಬಂದಿದ್ದಾಗ ಫಿಡೆಲಿಸನ ಮಗಳು ಶರಲ್ ಕೇಳಿದಳು, “ಅಂಕಲ್, ನೀವು ಎಷ್ಟು ಗೋಲ್ ಹೊಡೆದಿದ್ದೀರಿ?”

“ಒಂದೂ ಇಲ್ಲ. ಚೆಂಡು ನನ್ನ ಕೈಗೇ ಬರುತ್ತಿರಲಿಲ್ಲ.”

ಮಗಳು ಇಂಥ ಪ್ರಶ್ನೆ ಕೇಳಿಬಿಟ್ಟಳಲ್ಲ ಎಂದು ಫಿಡೆಲಿಸನಿಗೆ ಮುಜುಗರವಾಯಿತು. “ಹಾಗಾದ್ರೆ ಇಷ್ಟು ವರ್ಷ ಎಂತ ಮಾಡಿದ್ದು ಮಾರಾಯ್ರೆ?” ಎಂದು ಜರ್ಟ್ರೂಡ್ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು.

ಕರ್ಟಿಸ್ ಬೇಸರಪಡಲಿಲ್ಲ. ಮನೆಗೆ ಹೋಗಿ ತಾನು ಆಡಿದ ಹಳೆಯ ಪಂದ್ಯವೊಂದರ ಕ್ಯಾಸೆಟ್ ತಂದು ಹಾಕಿದ. “ಚೆಂಡನ್ನು ಮರೆತುಬಿಡಿ. ನನ್ನ ನಂಬರ್ ಎಪ್ಪತ್ತೆರಡು, ಅದನ್ನು ಮಾತ್ರ ನೋಡಿ.”

ಎಪ್ಪತ್ತೆರಡನೇ ನಂಬರಿನವನು ಬಗ್ಗಿ ನಿಂತ. ಎದುರು ತಂಡದಿಂದ ಗೂಳಿಯಂತೆ ನುಗ್ಗಿದವನನ್ನು ಎದೆಗೊಟ್ಟು ತಡೆದ, ಬಿದ್ದ, ಎದ್ದು ಮತ್ತೆ ಬಗ್ಗಿದ. ಅವನ ಬೆನ್ನ ಹಿಂದೆ ಅವನದೇ ತಂಡದ ಚೆಂಡು ಎಸೆಯುವವನು ಅವಸರವಿಲ್ಲದೆ ದೂರ ನೋಡುತ್ತಿದ್ದ. ಪಂದ್ಯ ಗೆದ್ದಾಗ ಎಲ್ಲರೂ ಹೆಗಲ ಮೇಲೆ ಹೊತ್ತದ್ದು ಆ ಚೆಂಡು ಎಸೆದವನನ್ನೇ.

ಶರಲ್ ಟಿವಿಯ ಹತ್ತಿರ ಓಡಿ ಹೆಗಲ ಮೇಲಿದ್ದವನತ್ತ ಬೆರಳು ತೋರಿಸಿದಳು. “ಡ್ಯಾಡಿ ನೋಡಿ, ಇವನ ಡ್ರೆಸ್ಸಿಗೆ ಸ್ವಲ್ಪವೂ ಮಣ್ಣಾಗ್ಲಿಲ್ಲ!”

ಫಿಡೆಲಿಸ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕರ್ಟಿಸನ ಮುಖ ಅರಳಿತು.

“ಅಲ್ಲಿ ಎಂಬತ್ತು ಸಾವಿರ ಜನ ಇದ್ದರು,” ಎಂದ ಅವನು. “ಅದನ್ನು ಗಮನಿಸಿದವಳು ನೀನೊಬ್ಬಳೇ.”

ಫಿಡೆಲಿಸ್ ಎದ್ದು ಹೋಗಿ ಆ ದಪ್ಪ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.